ಒಂದು ಮುಷ್ಟಿ ಶೇಂಗಾ

ಖಾನಾಪುರದ ಆ ಹೈಸ್ಕೂಲಿನ ಮಕ್ಕಳು ಅಡುಗೆಯ ಅಕ್ಕವ್ವನಿಗೆ ಇಟ್ಟ ಹೆಸರು ‘ಇನ್ನೊಂಚೂರು ಆಯಿ’. ಈ ಸೀಮೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಮಧ್ಯಾಹ್ನದ ಗಂಟೆ ಬಾರಿಸಿ ತಟ್ಟೆ ಹಿಡಿದ ಸಾಲು ಅಡುಗೆಕೋಣೆಯ ಬಾಗಿಲಿಗೆ ಬಂತೆಂದರೆ ಅಕ್ಕವ್ವನ ಸೌಟಿಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ.

“ಇನ್ನೊಂಚೂರ ತಗೋ. ತಗೋ ಅಂತೀನಿ! ಗುಬ್ಬಿ ತಿಂದಂಗ ತಿಂದ್ರ ಮೈ ಹಿಡಿತೈತೇನ?”

ಹುಡುಗರ ಸಾಲಿಗೆ ಕೃಷ್ಣಾಬಾಯಿ ಬಡಿಸುತ್ತಾಳೆ, ಹುಡುಗಿಯರ ಸಾಲಿಗೆ ಅಕ್ಕವ್ವ. ಈ ಪಾಲು ಮಾಡಿದವಳೂ ಅಕ್ಕವ್ವನೇ. ಸಪೂರ ಹುಡುಗಿಯೊಬ್ಬಳು ಎದುರಿಗೆ ಬಂದರೆ ಮುಗಿಯಿತು, ಅನ್ನದ ಗುಡ್ಡದ ಹಿಂದೆ ಅವಳ ಮುಖ ಮರೆಯಾಗುವ ತನಕ ಸೌಟು ನಿಲ್ಲುವುದಿಲ್ಲ. ಕೃಷ್ಣಾಬಾಯಿ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಹಣೆ ಚಚ್ಚಿಕೊಳ್ಳುತ್ತಾಳೆ. “ಅಕ್ಕಾ, ಸಗಳಾ ಅನ್ನಾ ಇಲ್ಲೇ ಸುರೀತಿ. ಕಡೀಕ ಬಂದ ಪೋರಗೋಳಿಗೆ ನನ್ನ ತಲಿ ಬಡಸ್ಲೇನ?” ಅಕ್ಕವ್ವ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಆದರೆ ತನ್ನ ಅನ್ನದ ಪಾತೇಲಿಯ ತಳದಲ್ಲಿ ಉಳಿಸಿಟ್ಟ ಒಬ್ಬಳ ಪಾಲನ್ನು ಮಾತ್ರ ಯಾರು ಎಷ್ಟು ಕೇಳಿದರೂ ಮುಟ್ಟಗೊಡುವುದಿಲ್ಲ.

ಒಮ್ಮೆ ಆಗಸ್ಟ್ ಹದಿನೈದಕ್ಕೆ ಹೆಡ್ ಮಾಸ್ತರರು ಶಾಲು ಹೊದಿಸಿ ‘ನಮ್ಮ ಶಾಲೆಯ ಅನ್ನಪೂರ್ಣೆ’ ಎಂದು ಹೊಗಳಿದರು. ಹೊಗಳುವಷ್ಟು ಹೊತ್ತೂ ಅಕ್ಕವ್ವ ನೆಲ ನೋಡುತ್ತಿದ್ದಳು. ಮುದುಕಿಗೆ ನಾಚಿಕೆ ಎಂದು ಜನ ಚಪ್ಪಾಳೆ ತಟ್ಟಿ ನಕ್ಕರು. ನಾಚಿಕೆಯೇನೋ ಹೌದು. ಆದರೆ ಅವರು ತಿಳಿದ ನಾಚಿಕೆ ಅದಲ್ಲ.

ಪಾತೇಲಿಯ ತಳದ ಆ ಪಾಲು ಮೊಮ್ಮಗಳು ಸಮೃದ್ಧಿಯದು. ಈ ಲೋಕದಲ್ಲಿ ಅಕ್ಕವ್ವನಿಗೆ ಉಳಿದದ್ದು ಅದೊಂದೇ ಜೀವ. ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಹೆಸರು ಸಮೃದ್ಧಿ, ಮೈ ಮಾತ್ರ ಕಸಬರಿಗೆಯ ಹಂಚಿಕಡ್ಡಿ. ಅವಳು ಹುಟ್ಟಿದ ದಿನವೇ ತಾಯಿ ರೇಣವ್ವ ತೀರಿಕೊಂಡಳು. ಅಪ್ಪ ಮತ್ತೊಂದು ಮದುವೆಯಾಗಿ ನಿಪ್ಪಾಣಿಯಲ್ಲಿದ್ದಾನೆ, ಮಗಳ ಮುಖ ನೋಡಲು ಬಂದವನಲ್ಲ. “ತಾಯಿನ್ನ ತಿಂದ ಹುಟ್ಟಿದ ಕೂಸು, ನಮಗ ಬ್ಯಾಡ” ಎಂದು ಅವನ ಮನೆಯವರು ಕೂಸನ್ನು ಕಣ್ಣೆತ್ತಿ ನೋಡದೆ ಹೋಗಿದ್ದರು. ಆ ಮಾತಿಗೆ ಕಾಲು ಬಂದು ಖಾನಾಪುರದ ಓಣಿಯಲ್ಲೂ ಓಡಾಡಿತು. ಯಾರ ಬಾಯಲ್ಲಿ ಕೇಳಿದರೂ ಅಕ್ಕವ್ವ ಸೆರಗು ಕಟ್ಟಿ ಜಗಳಕ್ಕೆ ಹೋಗುತ್ತಿದ್ದಳು. ಆದರೆ, ಕೂಸಿನ ತಪ್ಪಲ್ಲ, ತಪ್ಪು ಇಂಥವರದು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಬೆರಳು ತನ್ನ ಕಡೆಗೇ ತಿರುಗಬೇಕಿತ್ತು.

ಅವ್ವ ಹೇಗೆ ಸತ್ತಳೆಂದು ಹುಡುಗಿ ಕೇಳಿದಾಗಲೆಲ್ಲ ಅಕ್ಕವ್ವ “ದೇವರ ಕರದ, ಹೋದ್ಲು” ಎನ್ನುತ್ತಿದ್ದಳು. ದೇವರು ಯಾಕೆ ಕರೆದ ಎಂದು ಹುಡುಗಿ ಮುಂದಿನ ಪ್ರಶ್ನೆ ಕೇಳಿಬಿಟ್ಟರೆ? ಕೇಳಿ, ನಿಜ ತಿಳಿದು, ಈ ಆಯಿಯ ಮುಖ ನೋಡುವುದನ್ನೇ ಬಿಟ್ಟುಬಿಟ್ಟರೆ? ಅಕ್ಕವ್ವನ ಭಯ ಇದೊಂದೇ. ಸಾವಿಗೂ ಅವಳು ಅಷ್ಟು ಹೆದರಿದವಳಲ್ಲ.

ಆ ದಿನ ಬೆಳಿಗ್ಗೆ ಅವಳು ಅಕ್ಕಿ ಆರಿಸುತ್ತಿದ್ದಾಗ ವಿಜ್ಞಾನದ ಪೂರ್ವಾ ಟೀಚರ್ ಅಡುಗೆಕೋಣೆಗೆ ಬಂದರು. ಬೆಳಗಾವಿಯ ಕ್ಯಾಂಪ್ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ, ಮನೆಮಾತು ಮರಾಠಿ, ನಗುವಿಗೆ ಕಡಿಮೆಯಿಲ್ಲ.

“ಅಕ್ಕವ್ವಾ, ಒಂದ ಮೂಠಿ ಶೇಂಗಾ ಬೇಕಾಗಿತ್ತು ಬಘಾ.”

“ತಿನ್ನಾಕೇನ್ರಿ? ತಡೀರಿ, ಹುರದ ಕೊಡ್ತೀನಿ.”

“ತಿನ್ನಾಕಲ್ಲ, ಸುಡಾಕ.”

ಅಕ್ಕವ್ವನ ಕೈ ಮೊರದಲ್ಲೇ ನಿಂತಿತು. ಅನ್ನವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು, ಉಂಡ ಮೇಲೆ ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಕುಡಿಯುವ ಮನೆಯಲ್ಲಿ ಬೆಳೆದವಳು ಅವಳು. “ಉಣ್ಣೂದನ್ನ ಸುಡ್ತಾರೇನ್ರಿ ಟೀಚರ? ಪಾಪ ತಟ್ತೈತಿ.”

“ಅಯ್ಯ, ಹೊಟ್ಟೀ ಒಳಗ ಏನಾಗ್ತದ ಅಂತ ಹುಡುಗ್ರಿಗೆ ತೋರಸಬೇಕಲಾ? ನಾವು ತಿಂದದ್ದು ಒಳಗ ಹಿಂಗ ಉರಿತದ. ಒಲಿ ಕಾಣಸಂಗಿಲ್ಲ, ಅಷ್ಟ. ಯಾವ ಪದಾರ್ಥದಾಗ ಎಷ್ಟ ಶಕ್ತಿ ಅದ ಅಂತ ಇವತ್ತ ಅಳತಿ ಮಾಡೋದು. ಖರೇ ಅಂದ್ರ ನೀವೂ ಬರ್ರಿ ನೋಡಾಕ. ಊಟ ಹಾಕಾವ್ರ ನೀವ.”

ಅಕ್ಕವ್ವ ಡಬ್ಬಿ ತೆರೆದು ಶೇಂಗಾದಲ್ಲಿ ಕೈ ಇಟ್ಟಳು. ಮುಷ್ಟಿ ತುಂಬಿಕೊಂಡಾಗ ಎಂದಿನಂತೆ ಅವಳ ಕೈ ಒಂದು ಕ್ಷಣ ತಡೆಯಿತು. ಈ ತಡೆ ಇಂದಿನದಲ್ಲ. ಅದರ ಬೇರು ಪಾರಿಶ್ವಾಡದಲ್ಲಿದೆ.

ಅಕ್ಕವ್ವ ಹುಟ್ಟಿದ್ದು ಪಾರಿಶ್ವಾಡದಲ್ಲಿ. ಅವಳಿಗೆ ಒಬ್ಬಳೇ ಅಕ್ಕ, ಶಿವಬಸವ್ವ. ಚೊಚ್ಚಲು ಬಸುರಿಯಾಗಿ ಶಿವಬಸವ್ವ ತವರಿಗೆ ಬಂದಾಗ ಹೊಲದಿಂದ ಹೊಸ ಶೇಂಗಾ ಬಂದಿತ್ತು. ಮಗಳು ಮನೆಗೆ ಬಂದ ಸಂಭ್ರಮದಲ್ಲಿ ಅವ್ವ ಹುರಿದಳು, ಕುಟ್ಟಿದಳು, ಬೆಲ್ಲ ಹಾಕಿ ಉಂಡೆ ಕಟ್ಟಿದಳು. ಶಿವಬಸವ್ವ ಹಗಲೆಲ್ಲ ಮೆಲ್ಲುತ್ತ ಕೂತು ತುಂಬಿದ ಚೀಲದ ಹಾಗಾದಳು. ಹೆರಿಗೆಯ ಹೊತ್ತಿಗೆ ಕೂಸು ಹೊರಗೆ ಬರಲಿಲ್ಲ. ಮಳೆಗಾಲ, ಹಳ್ಳ ತುಂಬಿ ಬೆಳಗಾವಿಯ ದಾರಿ ಮುಚ್ಚಿತ್ತು. ಕೂಗಿ ಕೂಗಿ ಶಿವಬಸವ್ವನ ದನಿ ಇಂಗಿಹೋಯಿತು, ಆಮೇಲೆ ಉಸಿರು. ಸೂಲಗಿತ್ತಿ ಬಾಗಿಲ ಮುಂದೆ ಕೈ ತೊಳೆಯುತ್ತ ಹೇಳಿದಳು: “ಕೂಸು ದೊಡ್ಡದಾಗಿತ್ತು. ತಿನಿಸಿ ತಿನಿಸಿ ನೀವ ಕೊಂದ್ರಿ.”

ಆ ಮಾತು ಅವ್ವನಿಗೆ ಹೇಳಿದ್ದು. ಹೊಸ್ತಿಲಲ್ಲಿ ನಿಂತಿದ್ದ ಸಣ್ಣ ಅಕ್ಕವ್ವನ ಎದೆಗೂ ಅದು ನೆಟ್ಟಿತು. ಮುಂದೆ ಬೆಳೆದಂತೆಲ್ಲ ಅದೇ ಮಾತನ್ನು ನೂರು ಬಾಯಿಯಿಂದ ಕೇಳಿದಳು. ಬಸುರಿ ಹೊಟ್ಟೆ ತುಂಬ ಉಣ್ಣಬಾರದು, ಉಂಡರೆ ಕೂಸಿಗೆ ಜಾಗವಿಲ್ಲ. ಕೂಸು ಸಣ್ಣದಿದ್ದರೆ ಹೆರಿಗೆ ಹಗುರ. ಇದು ಅಕ್ಕವ್ವನೊಬ್ಬಳ ತಿಳಿಗೇಡಿತನವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಹೊಲಮನೆಗಳನ್ನು ಗಂಡಸರು ಹಂಚಿಕೊಂಡರು, ಹೆಂಗಸರು ಹೆಂಗಸರಿಗೆ ಬಿಟ್ಟುಹೋದ ಆಸ್ತಿ ಇಂಥ ಬುದ್ಧಿಮಾತುಗಳೇ.

ಅವಳನ್ನು ಖಾನಾಪುರಕ್ಕೆ ಕೊಟ್ಟರು. ಗಂಡ ದುಂಡಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವನು, ಒಳ್ಳೆಯವನು, ಒಳ್ಳೆಯವರಂತೆಯೇ ಬೇಗ ಹೋದ. ಒಬ್ಬಳೇ ಮಗಳು ರೇಣವ್ವನನ್ನು ಅಕ್ಕವ್ವ ಇಟ್ಟಂಗಿ ಹೊತ್ತು, ಕಂಡವರ ಮನೆಯ ಪಾತ್ರೆ ತಿಕ್ಕಿ ಬೆಳೆಸಿದಳು. ತಾನು ನೀರು ಕುಡಿದು ಮಲಗಿದರೂ ಮಗಳ ತಟ್ಟೆ ಖಾಲಿ ಇಟ್ಟವಳಲ್ಲ. ಅದಕ್ಕೇ ಮುಂದಿನದನ್ನು ಹೇಳುವುದು ಕಷ್ಟ.

ರೇಣವ್ವ ಬಸುರಿಯಾಗಿ, ಸೀಮಂತದ ಕುಬಸದ ಕಾರ್ಯ ಮುಗಿಸಿಕೊಂಡು ತವರಿಗೆ ಬಂದಳು. ಮಗಳನ್ನು ಕಂಡು ಅಕ್ಕವ್ವನಿಗೆ ಹಿಗ್ಗು ಬಂದಷ್ಟೇ ದಿಗಿಲೂ ಬಂತು. ಹಿಗ್ಗು ಒಂದು ದಿನಕ್ಕೆ ಮುಗಿಯಿತು, ದಿಗಿಲು ಮಾತ್ರ ಒಲೆಯ ಮುಂದೆ ಕೂತುಬಿಟ್ಟಿತು. ಮರುದಿನದಿಂದ ರೇಣವ್ವನಿಗೆ ಅರ್ಧ ರೊಟ್ಟಿ, ತಿಳಿ ಸಾರು. ಆಶಾ ಕಾರ್ಯಕರ್ತೆ ತಂದುಕೊಟ್ಟ ಕಬ್ಬಿಣಾಂಶದ ಗುಳಿಗೆ ತಿಂದರೂ ಕೂಸು ದಪ್ಪವಾಗುತ್ತದೆ ಎಂದು ಯಾರೋ ಹೇಳಿದ್ದರು. ಅಕ್ಕವ್ವ ಅವನ್ನು ಅಕ್ಕಿಯ ಡಬ್ಬಿಯ ತಳಕ್ಕೆ ಸೇರಿಸಿದಳು. ರೇಣವ್ವ ಸೌಮ್ಯ ಸ್ವಭಾವದ ಹುಡುಗಿ, ತಾಯಿಯ ಮಾತು ಮೀರಿದವಳಲ್ಲ. ಹಸಿವೆಯಾದರೆ ನೀರು ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕವ್ವ ಕೆಲಸ ಮುಗಿಸಿ ಬಂದಾಗ ರೇಣವ್ವ ಬೀಸುಕಲ್ಲಿನ ಮರೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮುಷ್ಟಿ ಕಟ್ಟಿತ್ತು.

“ಏನದು ಕೈಯಾಗ?”

“ಏನಿಲ್ಲವ್ವ.”

ಅಕ್ಕವ್ವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಮುಷ್ಟಿ ಹಿಡಿದುಕೊಂಡು ಒಂದೊಂದೇ ಬೆರಳು ಬಿಡಿಸಿದಳು. ಮೊದಲು ರೇಣವ್ವ ಚಿಕ್ಕಂದಿನ ಆಟವೆಂಬಂತೆ ನಕ್ಕಳು. ಅವ್ವ ನಗಲಿಲ್ಲವೆಂದು ಕಂಡಮೇಲೆ ಬಿಗಿಹಿಡಿದಳು. ಕಡೆಯ ಬೆರಳು ಬಿಡಿಸಿದಾಗ ಬೆವರಿನಲ್ಲಿ ಅಂಟಿಕೊಂಡ ಶೇಂಗಾ ಕಾಳು ಅಂಗೈಯಲ್ಲಿದ್ದವು.

“ನಾಕ ಕಾಳವ್ವ. ಹಸಿವಿ ತಡಿವಲ್ದು.”

“ತಡೀಬೇಕ. ನಿಮ್ಮ ದೊಡ್ಡವ್ವ ಹಿಂಗ ತಿಂದ ಸತ್ತಾಳ. ಹಡದ ಮ್ಯಾಲ ಶೇಂಗಾ ಹೋಳಿಗಿ ಮಾಡ್ತೀನಿ, ತಾಟ ತುಂಬ ಹಾಕ್ತೀನಿ, ಆವಾಗ ತಿನ್ನಂತಿ.”

ಕಾಳುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ರೇಣವ್ವ ಸದ್ದು ಮಾಡದೆ ಅತ್ತಳು. ಆದರೆ ಮಗಳ ಜೀವ ಉಳಿಸುತ್ತಿದ್ದೇನೆಂದು ತಿಳಿದವಳ ಹಟ ಅದು, ಕರಗಲಿಲ್ಲ.

ನೋವು ಬಂದಾಗ ಜೀಪಿನಲ್ಲಿ ಬೆಳಗಾವಿಯ ದೊಡ್ಡ ದವಾಖಾನೆಗೆ ಒಯ್ದರು. ಕ್ಯಾಂಪಿನ ಹತ್ತಿರ ಬೇಕರಿಯೊಂದರಿಂದ ಬಿಸಿ ಪಾವಿನ ವಾಸನೆ ಬಂತು. ಅಂಥ ನೋವಿನಲ್ಲೂ ರೇಣವ್ವ ಆ ಕಡೆ ಕತ್ತು ತಿರುಗಿಸಿದಳು. “ಹಡದ ಮ್ಯಾಲ” ಎಂದಳು ಅಕ್ಕವ್ವ. ಹೆರಿಗೆ ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಆಯಿತು. ಕೂಸು ಎರಡು ಅಂಗೈ ತುಂಬುವಷ್ಟಿತ್ತು. ಅಕ್ಕವ್ವ ಕೈಯೆತ್ತಿ ಬಸವಣ್ಣನಿಗೆ ಮುಗಿದಳು. ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಳು: “ಬಾಯಿ ಕಟ್ಟಿ ಇಟ್ಟಿದ್ದೆ, ಅದಕ್ಕ ಹೂವಿನಂಗ ಹಡದ್ಲು ನನ್ನ ಮಗಳು.”

ಆ ಮಾತು ಮುಗಿಯುವ ಮೊದಲೇ ನರ್ಸಮ್ಮ ಓಡಿಬಂದಳು. ರಕ್ತ ಹೋಗುವುದು ನಿಂತಿರಲಿಲ್ಲ. ಬೇರೆಯವರ ರಕ್ತ ತಂದು ಏರಿಸಿದರು, ದವಾಖಾನೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದ ಡಾಕ್ಟರಮ್ಮ ಬೆವರು ಒರೆಸಿಕೊಳ್ಳುತ್ತ ಕೇಳಿದರು: “ಮೈಯಾಗ ರಕ್ತನ ಇರ್ಲಿಲ್ಲಲ್ರೀ ಅಜ್ಜೀ. ಬಸುರಿಗೆ ಉಣ್ಣಾಕ ಏನ ಹಾಕಿದ್ರಿ?”

ಅವಳನ್ನು ಅಜ್ಜಿ ಎಂದು ಕರೆದದ್ದು ಅದೇ ಮೊದಲು.

ಮೂರನೆಯ ದಿನ ಮಣ್ಣಿಗೆ ಹಾಲು ಹಾಕಲು ಹೋದಾಗ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಇಡುವುದು ವಾಡಿಕೆ. ಅಕ್ಕವ್ವ ಶೇಂಗಾ ಹೋಳಿಗೆ ಮಾಡಿದಳು. ಹೇಳಿದ ಮಾತಿಗೆ ತಪ್ಪದೆ ತಾಟು ತುಂಬ ಮಾಡಿದಳು. ಬಾಯಿ ಇದ್ದಾಗ ಕೊಡದ್ದನ್ನು ಮಣ್ಣಿನ ಮೇಲೆ ಇಟ್ಟು ಬಂದಳು.

ಅಲ್ಲಿಂದೀಚೆಗೆ ಡಾಕ್ಟರಮ್ಮನ ಆ ಪ್ರಶ್ನೆಯನ್ನು ಅವಳು ಯಾರ ಮುಂದೆಯೂ ತೆಗೆದವಳಲ್ಲ. ಹಣೆಬರಹ ಎಂದು ತನಗೆ ತಾನೇ ಹೇಳಿಕೊಂಡಳು. ಹಗಲು ಹೊತ್ತು ಅದನ್ನು ನಂಬಲೂ ಬರುತ್ತಿತ್ತು. ಶಾಲೆಯಲ್ಲಿ ಅಡುಗೆಯ ಕೆಲಸ ಸಿಕ್ಕಮೇಲೆ ಬಾಯಿಗೆ ‘ಇನ್ನೊಂಚೂರು’ ಅಂಟಿಕೊಂಡಿತು. ಕಂಡವರ ಮಕ್ಕಳ ತಟ್ಟೆ ತುಂಬಿದಳು, ತುಂಬಿದಳು, ಕೈ ಸೋಲುವಷ್ಟು ತುಂಬಿದಳು. ಒಂದು ಮುಷ್ಟಿಯ ಬಾಕಿ ಮಾತ್ರ ಹಾಗೇ ಉಳಿದಿತ್ತು.

ಈಗ ಅದೇ ಶೇಂಗಾವನ್ನು ಸುಡುವುದಂತೆ. ಅನ್ನ ಇಳಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಕ್ಕವ್ವ ಒಂಬತ್ತನೆಯ ತರಗತಿಯ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಮೇಜಿನ ಮೇಲೆ ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ಸಿಕ್ಕಿಸಿದ ಗಾಜಿನ ನಳಿಕೆ, ನಳಿಕೆಯಲ್ಲಿ ಒಂದಿಷ್ಟು ನೀರು. ನೀರಿನಲ್ಲಿ ಮುಳುಗಿದ ಉಷ್ಣಮಾಪಕ ನೋಡಿ ಹೇಳುವ ಕೆಲಸ ಸಮೃದ್ಧಿಯದು. ಸ್ಟೂಲಿನ ಮೇಲೆ ನಿಂತಿದ್ದ ಹುಡುಗಿ ಆಯಿಯನ್ನು ಕಂಡು ಹಲ್ಲು ಬಿಟ್ಟಳು.

ಪೂರ್ವಾ ಟೀಚರ್ ಮೊದಲು ಚುರುಮುರಿಯನ್ನು ಸೂಜಿಗೆ ಚುಚ್ಚಿ ಹೊತ್ತಿಸಿ ನಳಿಕೆಯ ಕೆಳಗೆ ಹಿಡಿದರು. ಭುಗ್ಗೆಂದು ಉರಿದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ನೀರಿಗೆ ಸುದ್ದಿಯೇ ಮುಟ್ಟಲಿಲ್ಲ. ಆಮೇಲೆ ರೊಟ್ಟಿಯ ಚೂರು. ಅದು ಹೊಗೆಯಾಡಿತು, ಮುನಿಸಿಕೊಂಡಿತು, ಅಂತೂ ನೀರನ್ನು ಕೊಂಚ ಬೆಚ್ಚಗೆ ಮಾಡಿತು. ಕಡೆಗೆ ನೀರು ಬದಲಿಸಿ, ಒಂದು ಶೇಂಗಾ ಕಾಳು ಚುಚ್ಚಿದರು. ಹೊತ್ತಿಕೊಳ್ಳಲು ತುಸು ತಡಮಾಡಿತು. ಹೊತ್ತಿಕೊಂಡ ಮೇಲೆ ಎಣ್ಣೆ ಜಿನುಗಿ ಜಿನುಗಿ ದೇವರ ಮುಂದಿನ ದೀಪದಂತೆ ಉರಿಯಿತು, ಆರಲೇ ಇಲ್ಲ. ಹುಡುಗರು ಬೆಂಚು ಬಿಟ್ಟು ಎದ್ದರು. ನಳಿಕೆಯ ತಳದಲ್ಲಿ ಸಣ್ಣ ಗುಳ್ಳೆ ಎದ್ದವು. ಸಮೃದ್ಧಿ ಉಷ್ಣಮಾಪಕ ನೋಡುತ್ತ ಕೂಗಿದಳು: “ಟೀಚರ್, ಇನ್ನೂ ಏರಾಕತ್ತೈತ್ರೀ! ಇನ್ನೂ ಏರಾಕತ್ತೈತಿ!”

ಬಾಗಿಲಲ್ಲಿದ್ದ ಅಕ್ಕವ್ವ ಒಂದು ಹೆಜ್ಜೆ ಒಳಗಿಟ್ಟಳು. ಒಂದು ಕಾಳು ಇಷ್ಟು ಉರಿಯುತ್ತದೆಯೇ? ಹಾಗಾದರೆ ಆ ಮುಷ್ಟಿಯಲ್ಲಿ ಎಷ್ಟಿತ್ತು?

“ಬರೇ ನೀರಿಗೆ ಸಿಕ್ಕ ಶಾಖ ಇದು” ಎಂದರು ಟೀಚರ್. “ಬಾಜೂಕ ಗಾಳಿಗೆ ಹೋದದ್ದು ನಮ್ಮ ಅಳತಿಗೆ ಸಿಗಂಗಿಲ್ಲ. ಖರೇ ಶಕ್ತಿ ಇದಕ್ಕಿಂತಾ ಜಾಸ್ತಿ. ಬೆಳೆಯೋ ಮಕ್ಕಳಿಗೆ ಇದು ಬೇಕು. ಬಸುರಿ ಹೆಂಗಸರಿಗಂತೂ ಇನ್ನೂ ಬೇಕು. ಯಾಕಂದ್ರ ಒಲಿ ಒಂದ, ಇಡಬೇಕಾದ ಗಡಗಿ ಎರಡು.”

ಹುಡುಗರು ನಕ್ಕರು. ಸ್ಟೂಲಿನ ಮೇಲಿಂದ ಸಮೃದ್ಧಿ ಕೇಳಿದಳು: “ತಾಯಿ ಉಣ್ಣದಿದ್ರ, ಕೂಸ ಹೆಂಗ ಬೆಳಿತೈತ್ರಿ ಟೀಚರ್?”

“ತಾಯಿ ಮೈಯಾಗ ಇದ್ದದ್ದನ್ನ ತಗೊಂಡು ಬೆಳಿತದ. ತಾಯಿ ಸೊರಗಿದ್ರೂ ಕೂಸು ತನಗ ಬೇಕಾದ್ದನ್ನ ತಗೋತದ” ಎಂದ ಟೀಚರಿಗೆ ಆ ಹುಡುಗಿಯ ಕಥೆ ಗೊತ್ತಿರಲಿಲ್ಲ. ಇದ್ದ ಸಂಗತಿಯನ್ನು ಇದ್ದ ಹಾಗೆ ಹೇಳಿ ಹಲಗೆಯ ಕಡೆ ತಿರುಗಿದರು.

ಅಕ್ಕವ್ವ ಮಾತ್ರ ಮೊಮ್ಮಗಳ ಮುಖ ನೋಡುತ್ತಿದ್ದಳು. ಆ ಮುಖದ ಬೆಳಕು ನಿಧಾನಕ್ಕೆ ಇಳಿಯಿತು. ಕಾಳು ಇನ್ನೂ ಉರಿಯುತ್ತಿತ್ತು. ಹುಡುಗಿ ಉಷ್ಣಮಾಪಕ ನೋಡುವುದನ್ನು ಬಿಟ್ಟಿದ್ದಳು.

ಅಂದು ಮಧ್ಯಾಹ್ನ ಹುಡುಗಿಯರ ಸಾಲು ಮುಗಿದರೂ ಸಮೃದ್ಧಿ ಬರಲಿಲ್ಲ. ಪಾತೇಲಿಯ ತಳದ ಪಾಲು ಆರಿ ತಣ್ಣಗಾಯಿತು. ಮನೆಯಲ್ಲಿ ಕರೆದರೆ “ಹಸಿವಿಲ್ಲ” ಎಂದಳು. ಮರುದಿನವೂ ಅದೇ ಮಾತು. ಅಕ್ಕವ್ವ ಬೈದಳು, ಬೇಡಿಕೊಂಡಳು, ಚಿಕ್ಕ ಕೂಸಿಗೆ ಕೊಡುವಂತೆ ತುತ್ತು ಮಾಡಿ ಬಾಯಿಗೆ ಹಿಡಿದಳು. ಹುಡುಗಿ ಬಾಯಿ ತೆರೆಯಲಿಲ್ಲ. ಮೂರನೆಯ ದಿನ ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಪೂರ್ವಾ ಟೀಚರ್ ಅವಳನ್ನು ಅಡುಗೆಕೋಣೆಯ ತನಕ ಎತ್ತಿಕೊಂಡೇ ಬಂದರು.

“ಊಟಾನ ಬಿಟ್ಟಾಳಂತ. ಯಾಕ ಅಂದ್ರ ಹೇಳವಲ್ಲಳು. ಏನಾಗ್ಯದ ಅಕ್ಕವ್ವಾ?”

ಏನಾಗಿದೆ ಎಂದು ಅಕ್ಕವ್ವನಿಗೆ ಗೊತ್ತಿತ್ತು. “ನಾ ನೋಡ್ಕೋತೀನ್ರಿ” ಎಂದಳು. ಸಕ್ಕರೆ ನೀರು ಕುಡಿಸಿ, ಬಡಿಸುವ ಕೆಲಸ ಕೃಷ್ಣಾಬಾಯಿಗೆ ಒಪ್ಪಿಸಿ, ಮೊಮ್ಮಗಳ ಕೈ ಹಿಡಿದುಕೊಂಡು ಮನೆಗೆ ಬಂದಳು.

ಸಂಜೆ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂತಳು. ಸಮೃದ್ಧಿ ಎದುರಿನ ಗೋಡೆಗೆ ಒರಗಿದ್ದಳು, ಅವಳ ತಾಯಿ ಒರಗುತ್ತಿದ್ದ ಹಾಗೆಯೇ.

“ಒಂದ ರೊಟ್ಟಿ ತಿನ್ನವ್ವ. ನಿನ್ನ ಕಾಲ ಬೀಳ್ತೀನಿ.”

“ನಾ ಉಣ್ಣಂಗಿಲ್ಲ ಆಯಿ. ಓಣ್ಯಾಗ ಅನ್ನೂದ ಖರೇ ಐತಿ. ನಾ ಅವ್ವನ್ನ ತಿಂದ ಹುಟ್ಟೇನಿ.”

“ಯಾವ ರಂಡಿ ಅಂದ್ಲು ಹಂಗ? ದೇವರ ಕರದ...”

“ದೇವರಲ್ಲ. ಟೀಚರ್ ಹೇಳಿದ್ರಲ, ನೀನೂ ಕೇಳಿಲ್ಲೇನ? ಕೂಸ ತಾಯಿ ಮೈಯಾಗಿಂದ ತಗೋತೈತಿ. ನಾ ತಗೊಂಡೆ, ತಗೊಂಡೆ, ಅವ್ವನ ಮೈಯಾಗ ಏನೂ ಉಳೀಲಿಲ್ಲ. ನಾ ಹುಟ್ಟಲಿಲ್ಲ ಅಂದ್ರ ಅವ್ವ ಇರ್ತಿದ್ಲು.” ಹುಡುಗಿ ಅಳಲಿಲ್ಲ. ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿದಳು. “ಇನ್ನ ನಾ ಏನೂ ತಗೋಳಂಗಿಲ್ಲ.”

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು. ಅಕ್ಕವ್ವ ತಿರುವಿ ಹಾಕಲಿಲ್ಲ. ಅವಳ ಎದುರಿಗೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ಹುಡುಗಿ ತನ್ನನ್ನು ಆಯಿ ಎಂದು ಕರೆಯುತ್ತಲೇ ಇರುತ್ತಾಳೆ, ಕರೆಯುತ್ತ ಕರೆಯುತ್ತ ಒಣಗಿಹೋಗುತ್ತಾಳೆ. ಬಾಯಿ ಬಿಟ್ಟರೆ ಹುಡುಗಿ ಉಳಿಯುತ್ತಾಳೆ, ತನಗೆ ಉಳಿಯುವುದಿಲ್ಲ. ಇಷ್ಟು ವರ್ಷ ಹೆದರಿ ಕಾದದ್ದು ಈ ಗಳಿಗೆಗೇ. ಅದು ಬಂದಾಗ ಮಾತ್ರ ಬಹಳ ಯೋಚಿಸುವುದೇನೂ ಇರಲಿಲ್ಲ. ಹಸಿದ ಹುಡುಗಿಯೊಬ್ಬಳು ಗೋಡೆಗೆ ಒರಗಿ ಕೂತಿದ್ದನ್ನು ಅವಳು ಇನ್ನೊಮ್ಮೆ ನೋಡಲಾರಳು.

ಎದ್ದು ಶೇಂಗಾದ ಡಬ್ಬಿ ತಂದಳು. ಮೊಮ್ಮಗಳ ಬಲಗೈ ಎಳೆದುಕೊಂಡು ಅದರಲ್ಲಿ ಕಾಳು ತುಂಬಿ ಮುಷ್ಟಿ ಮುಚ್ಚಿದಳು. ಹುಡುಗಿ ಏನೆಂದು ತಿಳಿಯದೆ ನೋಡಿದಳು. ಅಕ್ಕವ್ವ ಆ ಮುಷ್ಟಿಯ ಕಿರುಬೆರಳು ಬಿಡಿಸಿದಳು. ಉಂಗುರದ ಬೆರಳು ಬಿಡಿಸಿದಳು.

“ಹಿಂಗ” ಎಂದಳು. “ಹಿಂಗ ಬಿಡಿಸಿದೆ ನಾ, ನಿಮ್ಮವ್ವನ ಕೈ. ನೀ ಆಕಿ ಹೊಟ್ಯಾಗ ಇದ್ದಿ. ಆಕಿ ಹಸದ ಒಂದ ಮುಷ್ಟಿ ಶೇಂಗಾ ತಗೊಂಡಿದ್ಲು. ನಾ ಕಸಗೊಂಡೆ. ಗುಳಿಗಿ ಕೊಟ್ಟಿದ್ರು, ಅವನ್ನೂ ಮುಚ್ಚಿಟ್ಟೆ. ಕೂಸ ಸಣ್ಣದಾಗಲಿ, ಹಗುರ ಹಡೀಲಿ ಅಂತ ದಿನಾ ಅರ್ಧ ರೊಟ್ಟಿ ಹಾಕಿದೆ.” ಕಡೆಯ ಬೆರಳನ್ನೂ ಬಿಡಿಸಿದಳು. “ನೀ ತಿಂದಿಲ್ಲವ್ವಾ ನಿಮ್ಮವ್ವನ್ನ. ನಿನಗ ತಿನ್ನಾಕ ನಾ ಏನೂ ಬಿಟ್ಟಿರ್ಲಿಲ್ಲ. ತಪ್ಪ ನಂದು. ನಿಂದಲ್ಲ.”

ಕಾಳುಗಳು ನೆಲಕ್ಕೆ ಚೆಲ್ಲಿದವು. ಸಮೃದ್ಧಿ ತನ್ನ ಕೈ ಎಳೆದುಕೊಂಡಳು.

“ಅವ್ವ ಏನಂದ್ಲು?”

“ಹಸಿವಿ ತಡಿವಲ್ದು ಅಂದ್ಲು.”

“ಅತ್ಲೇನ?”

“ಅತ್ಲು.”

“ಅತ್ರೂ ಕೊಡ್ಲಿಲ್ಲ?”

ಅಕ್ಕವ್ವ ತಲೆ ಅಲ್ಲಾಡಿಸಿದಳು. ಶಿವಬಸವ್ವನ ಸಾವು, ಸೂಲಗಿತ್ತಿಯ ಮಾತು, ತನ್ನ ದಿಗಿಲು ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು. ಹೇಳಿದ್ದರೆ ತಪ್ಪಿನ ಭಾರ ಅಷ್ಟಿಷ್ಟು ಇಳಿಯುತ್ತಿತ್ತೋ ಏನೋ. ಹೇಳಲಿಲ್ಲ. ತಾಯಿಯನ್ನು ತಾನೇ ತಿಂದೆನೆಂಬ ಅರೆಪಾಲು ಅನುಮಾನವೂ ಹುಡುಗಿಗೆ ಉಳಿಯಬಾರದು ಎನಿಸಿತು ಅವಳಿಗೆ.

ಸಮೃದ್ಧಿ ಬಗ್ಗಿ ನೆಲದ ಕಾಳುಗಳನ್ನು ಆಯ್ದುಕೊಂಡಳು. ಒಂದೊಂದನ್ನೇ ಬಾಯಿಗೆ ಹಾಕಿ ಜಗಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಲೇ ಇತ್ತು, ಜಗಿಯುವುದು ನಿಲ್ಲಲಿಲ್ಲ. ಆಯಿಯ ಕಡೆ ನೋಡದೆ ಎಲ್ಲವನ್ನೂ ತಿಂದು ಮುಗಿಸಿ, ನೀರು ಕುಡಿದು, ತನ್ನ ಹಾಸಿಗೆಯನ್ನು ಇನ್ನೊಂದು ಮೂಲೆಗೆ ಎಳೆದುಕೊಂಡು ಹೋದಳು.

ಆಮೇಲೆ ಸಮೃದ್ಧಿ ಉಣ್ಣದೆ ಇದ್ದ ದಿನವಿಲ್ಲ. ಮನೆಯಲ್ಲಿ ತಾನೇ ಬಡಿಸಿಕೊಳ್ಳುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ತಾನಾಗಿ ಕೇಳುವುದಿಲ್ಲ. ಆಯಿ ಎಂಬ ಶಬ್ದ ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಅಕ್ಕವ್ವ ಅದನ್ನು ಬೇಡಲೂ ಇಲ್ಲ.

ಶಾಲೆಯಲ್ಲಿ ಸಮೃದ್ಧಿ ಹುಡುಗಿಯರ ಸಾಲು ಬಿಟ್ಟು ಹುಡುಗರ ಸಾಲಿನ ಕೊನೆಯಲ್ಲಿ ನಿಲ್ಲತೊಡಗಿದಳು. ಹುಡುಗರು ಕಿಸಕ್ಕೆಂದರು, ನಕ್ಕು ನಕ್ಕು ಬೇಸತ್ತು ಸುಮ್ಮನಾದರು. ಕೃಷ್ಣಾಬಾಯಿ ಒಮ್ಮೆ ಅವಳ ಮುಖ, ಒಮ್ಮೆ ಅಕ್ಕವ್ವನ ಮುಖ ನೋಡಿದಳು. ಆಮೇಲೆ ಸೌಟು ತುಂಬಿ ಹುಡುಗಿಯ ತಟ್ಟೆಗೆ ಹಾಕಿದಳು.

ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ. ಅಕ್ಕವ್ವನ ಸಾಲು ಆಗಲೇ ಮುಗಿದಿತ್ತು. ಅವಳ ಪಾತೇಲಿಯ ತಳದಲ್ಲಿ ಎಂದಿನಂತೆ ಒಬ್ಬಳ ಪಾಲು ಉಳಿದಿತ್ತು. ಆಚೆ ಬದಿಯಲ್ಲಿ ಕಡೆಯವಳಾಗಿ ಸಮೃದ್ಧಿ ಬಂದು ತಟ್ಟೆ ಹಿಡಿದಳು. ಕೃಷ್ಣಾಬಾಯಿ ಬಡಿಸಿದಳು. ಹುಡುಗಿ ತಟ್ಟೆ ಹಿಂದಕ್ಕೆ ತೆಗೆಯಲಿಲ್ಲ.

“ಇನ್ನೊಂಚೂರ ಹಾಕ್ರಿ” ಎಂದಳು.

ಕೃಷ್ಣಾಬಾಯಿಯ ಸೌಟು ಬರಿದಾದ ಪಾತೇಲಿಯ ತಳವನ್ನು ಕೆರೆಯಿತು. ಅಕ್ಕವ್ವ ತನ್ನ ಪಾತೇಲಿಯಲ್ಲಿ ಉಳಿದ ಅನ್ನವನ್ನೆಲ್ಲ ಸೌಟಿನಲ್ಲಿ ತುಂಬಿ, ಮೊಮ್ಮಗಳ ತಟ್ಟೆಗಲ್ಲ, ಕೃಷ್ಣಾಬಾಯಿಯ ಪಾತೇಲಿಗೆ ಹಾಕಿದಳು.